ಪ್ರೆಶರ್ ನಾರ್ಮಲ್ ಬಂತು, ಮದ್ದು ನಿಲ್ಲಿಸಿದೆವು

ಎರಡು ತಿಂಗಳ ಹಿಂದಿನ ಒಂದು ಶುಕ್ರವಾರ. ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಮೊಹಲ್ಲಾದ ಮದ್ರಸ ಹಾಲಿನಲ್ಲಿ ಬಿಪಿ, ಶುಗರ್ ನೋಡುವ ಕ್ಯಾಂಪ್ ಇಟ್ಟಿದ್ದರು. ಹೆಸರು ಬರೆದುಕೊಳ್ಳುವ ಕೆಲಸ ನಮ್ಮದು. ಕುರ್ಚಿ ಸಾಲದಾದಾಗ ಒಳಗಿನಿಂದ ಎರಡು ಕುರ್ಚಿ ಎತ್ತಿ ತಂದ ಇಚ್ಚ ಒಬ್ಬರು ಹಾಗೆಯೇ ಮನೆ ಕಡೆ ಹೊರಟಿದ್ದರು. ಐವತ್ತೈದರ ಆಸುಪಾಸು, ಗಲ್ಫಿನಿಂದ ಬಂದು ಮೂರು ವರ್ಷ ಆಗಿದೆ, ಗಟ್ಟಿಮುಟ್ಟಾದ ಆಳು. "ಬಂದದ್ದು ಬಂದಿರಿ, ಒಮ್ಮೆ ಕೈ ಕೊಡಿ" ಎಂದು ನಾವೇ ಕರೆದು ಕೂರಿಸಿದೆವು.

186/112. ನರ್ಸ್ ಏನೂ ಹೇಳದೆ ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. 182/110.

"ನಿಮ್ಮ ಮಿಶನ್ ಸರಿ ಇಲ್ಲ ಕಾಣ್ತದೆ. ನನಗೆ ಎಂತ ಇಲ್ಲ. ತಲೆನೋವು ಸಹ ಬರುವುದಿಲ್ಲ" ಎಂದರು ಇಚ್ಚ. ಡಾಕ್ಟರು ನಿಧಾನಕ್ಕೆ ಕೇಳಿದರು, ಮೊದಲು ಯಾವಾಗಾದರೂ ನೋಡಿಸಿದ್ದು ಉಂಟಾ ಎಂದು. ಆಗ ಹೊರಬಂತು. ದಮ್ಮಾಮಿನಲ್ಲಿ ಇರುವಾಗ ಬಿಪಿ ಉಂಟೆಂದು ಮದ್ದು ಬರೆದುಕೊಟ್ಟಿದ್ದರಂತೆ. "ಎರಡು ತಿಂಗಳು ತಿಂದೆ. ಮತ್ತೆ ನೋಡುವಾಗ ನಾರ್ಮಲ್ ಬಂತು. ಬಿಟ್ಟೆ."

ನಾರ್ಮಲ್ ಬಂತು, ಬಿಟ್ಟೆ. ರಿಜಿಸ್ಟರ್ ಬರೆಯುತ್ತಿದ್ದ ನಮ್ಮ ಪೆನ್ನು ಅಲ್ಲಿಗೆ ನಿಂತಿತು. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ, ನಮ್ಮ ಮನೆಯ ಚಾವಡಿಯಲ್ಲಿ ನಾವು ಒಮ್ಮೆ ಕೇಳಿದ್ದೆವು. ಹೇಳಿದವರು ನಮ್ಮ ಉಪ್ಪ.

ಮರದ ವ್ಯಾಪಾರ ಮಾಡಿಕೊಂಡಿದ್ದ ಉಪ್ಪನಿಗೆ ಐವತ್ತೆಂಟರಲ್ಲಿ ಬಿಪಿ ಉಂಟೆಂದು ಗೊತ್ತಾಯಿತು. ದಿನಕ್ಕೆ ಒಂದೇ ಮಾತ್ರೆ. ಒಂದು ವರ್ಷ ಸರಿಯಾಗಿ ತೆಗೆದುಕೊಂಡರು. ಆಮೇಲೊಂದು ದಿನ ಮೆಡಿಕಲ್ ಅಂಗಡಿಯಲ್ಲಿ ನೋಡಿಸಿದರೆ 128/80. "ಗುಣ ಆಯ್ತಲ್ಲ, ಇನ್ನು ಎಂತಕ್ಕೆ ಸುಮ್ಮನೆ ಮದ್ದು ತಿನ್ನುವುದು, ಕಿಡ್ನಿ ಹಾಳಾಗ್ತದೆ" ಎಂದರು. ಸುಳ್ಳು ಹೇಳಬಾರದು, ನಾವೂ ಹೌದು ಎಂದೆವು. ಮನೆಯಲ್ಲಿ ಓದಿದವರು ನಾವಿದ್ದೆವು, ಒಬ್ಬರೂ ಬೇಡ ಎನ್ನಲಿಲ್ಲ.

ಏಳು ತಿಂಗಳ ನಂತರ ಸುಬ್‌ಹಿಗೆ ವುಝೂ ಮಾಡಲು ಹೋದವರ ಕೈಯಿಂದ ಮಗ್ ಬಿತ್ತು. ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ. ಶುಗರ್ ಇಳಿದಿರಬೇಕೆಂದು ಸಕ್ಕರೆ ನೀರು ಕುಡಿಸಿದೆವು. ಯಾರೋ ವಾತ ಎಂದರು, ಎಣ್ಣೆ ತಿಕ್ಕುವವರನ್ನು ಕರೆಸಿದೆವು. ಇನ್ನೊಬ್ಬರು ನೀರು ಓದಿಸಿ ತಂದರು. ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಮುಟ್ಟುವಾಗ ಝುಹರ್ ಬಾಂಗ್ ಆಗುತ್ತಿತ್ತು. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದು, "ಶುರುವಾದದ್ದು ಎಷ್ಟು ಗಂಟೆಗೆ?" ಹೇಳಿದೆವು. ಅವರು ಗಡಿಯಾರ ನೋಡಿದರು, ನಮ್ಮ ಮುಖ ನೋಡಲಿಲ್ಲ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಅದನ್ನು ಎಣ್ಣೆಯಲ್ಲೂ ಸಕ್ಕರೆ ನೀರಿನಲ್ಲೂ ಕಳೆದಿದ್ದೆವು.

ಉಪ್ಪ ಮತ್ತೆ ನಾಲ್ಕು ವರ್ಷ ಇದ್ದರು. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. ನಡೆಯಲಾಗದ್ದಕ್ಕಿಂತಲೂ ಅವರನ್ನು ಹೆಚ್ಚು ಕುಗ್ಗಿಸಿದ್ದು ಬಲಗೈಯಲ್ಲಿ ಉಣ್ಣಲಾಗದೆ ಹೋದದ್ದು. ಎಡಗೈ ತಟ್ಟೆಗೆ ಹಾಕಲು ಮನಸ್ಸು ಒಪ್ಪದೆ, ಉಮ್ಮ ಬಾಯಿಗೆ ಇಡುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ನೆಂಟರು ಬಂದ ದಿನ ಊಟವೇ ಬೇಡ ಎನ್ನುತ್ತಿದ್ದರು.

ಅದಕ್ಕೇ ಈ ವಾರದ ಪುಟದಲ್ಲಿ ಪ್ರೆಶರಿನ ಬಗ್ಗೆ ಬರೆಯುತ್ತಿದ್ದೇವೆ. ನಾವು ಡಾಕ್ಟರಲ್ಲ. ಡಾಕ್ಟರುಗಳ ಬಳಿ ಕೂತು ಕೇಳಿದ್ದನ್ನು, ಮನೆಯಲ್ಲಿ ಪಾಠ ಕಲಿತದ್ದನ್ನು ಬರೆಯುತ್ತೇವೆ, ಅಷ್ಟೇ.

ಕೋಪವೇ ಪ್ರೆಶರ್ ಅಲ್ಲ

ನಮ್ಮಲ್ಲಿ ‘ಅವನಿಗೆ ಪ್ರೆಶರ್ ಏರಿತು’ ಎಂದರೆ ಸಿಟ್ಟು ಬಂತು ಎಂದರ್ಥ. ಈ ಮಾತಿನಿಂದಲೇ ಅರ್ಧ ತೊಂದರೆ. ಸಿಟ್ಟಿಲ್ಲದವನಿಗೆ, ಸಮಾಧಾನದವನಿಗೆ, ಐದು ಹೊತ್ತು ಪಳ್ಳಿಯ ಮೊದಲ ಸಾಲಿನಲ್ಲಿ ನಿಲ್ಲುವವನಿಗೆ ಬಿಪಿ ಬರುವುದಿಲ್ಲ ಎಂದು ನಂಬಿಬಿಟ್ಟಿದ್ದೇವೆ. ಕೋಪ ಬಂದಾಗ, ಹೆದರಿದಾಗ, ಓಡಿದಾಗ ಎಲ್ಲರಿಗೂ ರಕ್ತದೊತ್ತಡ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅದು ಕಾಯಿಲೆ ಅಲ್ಲ. ಸುಮ್ಮನೆ ಕೂತಿರುವಾಗಲೂ, ನಿದ್ದೆಯಲ್ಲೂ ಇಳಿಯದೆ ನಿಂತದ್ದು ಕಾಯಿಲೆ.

ಅಡಿಕೆ ತೋಟಕ್ಕೆ ಪಂಪಿನಿಂದ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪು ಜೋರು, ಪೈಪು ಸಪೂರ ಆದರೆ ಜಾಯಿಂಟ್ ಒಂದೊಂದಾಗಿ ಸೋರುತ್ತದೆ, ಕೊನೆಗೊಂದು ದಿನ ಎಲ್ಲಿಯೋ ಒಡೆಯುತ್ತದೆ. ಹೃದಯ ಹಿಂಡಿ ರಕ್ತ ದೂಡುವಾಗ ನಾಳದ ಗೋಡೆಗೆ ಬೀಳುವ ಒತ್ತಡ ಮೇಲಿನ ಅಂಕೆ, ಎರಡು ಬಡಿತದ ನಡುವೆ ಹೃದಯ ಸಡಿಲಾದಾಗ ಉಳಿಯುವ ಒತ್ತಡ ಕೆಳಗಿನ ಅಂಕೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಬಿಪಿ ಉಂಟೆಂದು ಲೆಕ್ಕ. ಎರಡರಲ್ಲಿ ಒಂದೇ ಏರಿದ್ದರೂ ಲೆಕ್ಕವೇ. ‘ಮೇಲಿನದ್ದು ಮಾತ್ರ ಜಾಸ್ತಿ, ಕೆಳಗಿನದ್ದು ಸರಿ ಉಂಟು’ ಎಂದು ಸಮಾಧಾನ ಮಾಡಿಕೊಳ್ಳುವ ವಯಸ್ಸಾದವರು ಇದನ್ನು ಗಮನಿಸಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ 100ಕ್ಕೆ 24, ಹೆಂಗಸರಲ್ಲಿ 100ಕ್ಕೆ 21 ಮಂದಿಗೆ ಬಿಪಿ ಏರಿದೆ ಅಥವಾ ಅದಕ್ಕೆ ಮದ್ದು ನಡೆಯುತ್ತಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಲ್ಲಿ ಈ ಲೆಕ್ಕ ಇನ್ನೂ ಮೇಲೆ, ವಯಸ್ಕರಲ್ಲಿ ಶೇ. 35.5. ಅಂದರೆ ನಮಾಝಿಗೆ ನಿಂತ ಸಾಲಿನಲ್ಲಿ ಮೂವರಲ್ಲಿ ಒಬ್ಬರು. ಇವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇಲ್ಲ, ಯಾಕೆಂದರೆ ಅದು ನೋಯುವುದಿಲ್ಲ. ತಲೆನೋವು, ತಲೆ ತಿರುಗುವುದು, ಕುತ್ತಿಗೆ ಹಿಡಿಯುವುದನ್ನು ನಂಬಿ ಬಿಪಿ ಇದೆ, ಇಲ್ಲ ಎಂದು ಹೇಳಲಿಕ್ಕೆ ಆಗುವುದೇ ಇಲ್ಲ. ಮಿಶನಿಗೆ ಕೈ ಕೊಡಬೇಕು, ಬೇರೆ ದಾರಿ ಇಲ್ಲ.

ಕೈ ಕೊಡುವುದರಲ್ಲೂ ಒಂದು ಕ್ರಮ ಉಂಟು. ಕ್ಯಾಂಪಿನಲ್ಲಿ ನಾವು ನೋಡಿದ ಹಾಗೆ ನಮ್ಮ ಹೆಂಗಸರದ್ದು ಮುಕ್ಕಾಲು ಪಾಲು ತಪ್ಪಾಗಿಯೇ ಅಳೆಯಲ್ಪಡುತ್ತದೆ. ಬುರ್ಖಾದ ತೋಳು, ಒಳಗೆ ಇನ್ನೊಂದು ತೋಳು, ಅದರ ಮೇಲೆಯೇ ಪಟ್ಟಿ ಸುತ್ತಿಬಿಡುತ್ತಾರೆ. ಅಥವಾ ತೋಳನ್ನು ಬಿಗಿಯಾಗಿ ಮೇಲೆ ಮಡಚಿ, ಅದೇ ಹಗ್ಗ ಕಟ್ಟಿದ ಹಾಗಾಗುತ್ತದೆ. ಎರಡರಲ್ಲೂ ಬರುವ ಅಂಕೆ ನಂಬುವ ಹಾಗಿಲ್ಲ. ಒಂದು ಪರದೆ ಕಟ್ಟಿ, ಒಬ್ಬ ಹೆಣ್ಣುಮಗಳನ್ನು ಕೂರಿಸಿದರೆ ಮುಗಿಯಿತು, ಮದ್ರಸದಲ್ಲಿ ಪರದೆಗೆ ಬರವಿಲ್ಲ. ಕ್ಯಾಂಪ್ ಮಾಡುವ ಜಮಾಅತಿನವರು ದಯಮಾಡಿ ಇಷ್ಟು ಮಾಡಿ. ಮತ್ತೆ, ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆಯಬಾರದು. ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟದಲ್ಲಿ ಇಟ್ಟು, ಮಾತಾಡದೆ ಕೂರಬೇಕು. ಅರ್ಧ ಗಂಟೆ ಮೊದಲಿನಿಂದ ಚಾ, ಬೀಡಿ, ಸಿಗರೇಟು ಬೇಡ. ಮೂತ್ರ ಕಟ್ಟಿಕೊಂಡಿದ್ದರೂ ಬಿಪಿ ಏರುತ್ತದೆ. ಎರಡು ಸಲ ನೋಡಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಗಲ್ಫಿನಿಂದ ಮಕ್ಕಳು ತಂದುಕೊಡುವ ಮಣಿಗಂಟಿಗೆ ಕಟ್ಟುವ ಮಿಶನಿಗಿಂತ ತೋಳಿಗೆ ಕಟ್ಟುವುದೇ ವಾಸಿ. ಮನೆಯಲ್ಲಿ ನೋಡುವಾಗ 135/85 ದಾಟಿದರೆ ಜಾಸ್ತಿ ಎಂದೇ ತಿಳಿಯಬೇಕು, ಮನೆಯಲ್ಲಿ ಡಾಕ್ಟರ ಮುಖ ಕಂಡ ಹೆದರಿಕೆ ಇರುವುದಿಲ್ಲವಲ್ಲ.

ಮದ್ದಿಲ್ಲದ ಕಾಲ ಒಂದಿತ್ತು

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ ಅವರ ಬಿಪಿ 300/190 ಇತ್ತೆಂದು ದಾಖಲೆ ಉಂಟು. ಜಗತ್ತಿನ ಬಲಾಢ್ಯ ದೇಶದ ಯಜಮಾನನಿಗೂ ಅವತ್ತು ಕೊಡಲು ಸರಿಯಾದ ಒಂದು ಮಾತ್ರೆ ಇರಲಿಲ್ಲ. ಇವತ್ತು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಅವರಿಗೆ ಸಿಕ್ಕಿರಲಿಲ್ಲ.

ಆ ಕೊರತೆ ನೀಗಿಸಿದ ಮೊದಮೊದಲ ಮದ್ದುಗಳಲ್ಲಿ ಒಂದು ನಮ್ಮ ದೇಶದ ಗಿಡದ್ದೇ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಸರ್ಪಗಂಧ. ದೆಹಲಿಯಲ್ಲಿ ತಿಬ್ಬಿಯಾ ಕಾಲೇಜು ಕಟ್ಟಿದ ಹಕೀಂ ಅಜ್ಮಲ್ ಖಾನ್ ಅವರ ಪ್ರೋತ್ಸಾಹದಿಂದ ಯುನಾನಿ ಗಿಡಮೂಲಿಕೆಗಳ ರಸಾಯನ ಶೋಧನೆಗೆ ಇಳಿದ ಸಲೀಮುಝ್ಝಮಾನ್ ಸಿದ್ದೀಖಿ, 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ಸತ್ವ ಬೇರ್ಪಡಿಸಿ ಅದಕ್ಕೆ ಅಗಲಿದ ಹಕೀಮರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದು ಹೃದಯ ಬಡಿತದ ಏರುಪೇರಿಗೆ ಬಳಕೆಗೆ ಬಂತು. 1949ರಲ್ಲಿ ಬೊಂಬಾಯಿಯ ಡಾಕ್ಟರ್ ರುಸ್ತಂ ಜಾಲ್ ವಕೀಲ್ ಇದೇ ಬೇರಿನ ಮಾತ್ರೆಯಿಂದ ಬಿಪಿ ಇಳಿಯುವುದನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು, ಜಗತ್ತು ಈ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನವರು ಅದರಿಂದಲೇ ರಿಸರ್ಪಿನ್ ತೆಗೆದರು. ಮನಸ್ಸು ಕುಗ್ಗಿಸುವಂಥ ಅಡ್ಡಪರಿಣಾಮ ಇದ್ದದ್ದರಿಂದ, ಅದಕ್ಕಿಂತ ಒಳ್ಳೆಯ ಮದ್ದುಗಳು ಬಂದದ್ದರಿಂದ ರಿಸರ್ಪಿನ್ ಈಗ ಹಿಂದೆ ಸರಿದಿದೆ. ‘ಹಳ್ಳಿಮದ್ದಿಗೆ ಅಡ್ಡಪರಿಣಾಮ ಇಲ್ಲ’ ಎನ್ನುವವರು ಈ ಕತೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಬಹುದು.

ಈಗ ಹೆಚ್ಚಾಗಿ ಬರೆದುಕೊಡುವುದು ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ತಾಲಿಡೋನ್ ಎಂಬ ಮೂರು ಬಗೆ. ಒಂದು ರಕ್ತನಾಳದ ಗೋಡೆಯನ್ನು ಸಡಿಲಿಸುತ್ತದೆ, ಒಂದು ನಾಳ ಬಿಗಿಯಾಗುವ ಹಾರ್ಮೋನನ್ನು ತಡೆಯುತ್ತದೆ, ಇನ್ನೊಂದು ಮೂತ್ರದಲ್ಲಿ ಉಪ್ಪು ನೀರು ಹೊರಹಾಕುತ್ತದೆ. 2017ರಲ್ಲಿ ಶುರುವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಕೂಡ ಇಂಥ ಕೆಲವೇ ಅಗ್ಗದ ಮದ್ದುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ದಾರಿಯನ್ನೇ ಹಿಡಿಯಿತು, 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಒಂದು ಮದ್ದಿನಲ್ಲಿ ಇಳಿಯದಿದ್ದರೆ ಎರಡನೆಯದು ಸೇರಿಸುತ್ತಾರೆ. ಎರಡು ಮಾತ್ರೆ ಬರೆದರೆಂದು ಕಾಯಿಲೆ ಕೈಮೀರಿತು ಎಂದಲ್ಲ, ಬಹಳ ಮಂದಿಗೆ ಎರಡು ಬೇಕೇ ಆಗುತ್ತದೆ. ಮದ್ದು ತೆಗೆದುಕೊಂಡ ಮೇಲೆ ಬಿಪಿ 140/90ರ ಕೆಳಗೆ ಬರಬೇಕು. ಶುಗರ್, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಇನ್ನೂ ಕೆಳಗೆ, ಮೇಲಿನ ಅಂಕೆ 130ರೊಳಗೆ ಇರಬೇಕೆನ್ನುತ್ತಾರೆ.

ಉಪ್ಪನ ಲೆಕ್ಕ ತಪ್ಪಿದ್ದು ಇಲ್ಲಿಯೇ. 128/80 ಬಂದದ್ದು ಮದ್ದು ಇದ್ದದ್ದರಿಂದ. ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಹೋದವನು, ‘ನಾನು ನೆನೆಯಲೇ ಇಲ್ಲವಲ್ಲ, ಇನ್ನು ಕೊಡೆ ಎಂತಕ್ಕೆ’ ಎಂದು ದಾರಿ ಮಧ್ಯೆ ಬಿಸಾಡಿದ ಹಾಗಾಯಿತು ನಮ್ಮ ಕತೆ. ಕಿಡ್ನಿಯ ಹೆದರಿಕೆಯೂ ತಲೆಕೆಳಗು. ಕಿಡ್ನಿ ಹಾಳು ಮಾಡುವುದು ಏರಿದ ಬಿಪಿ. ಡಯಾಲಿಸಿಸ್ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತ ನಮ್ಮವರನ್ನು ಕೇಳಿ ನೋಡಿ, ‘ಪ್ರೆಶರ್ ಇತ್ತು, ನೋಡಿಸಿರಲಿಲ್ಲ’ ಎನ್ನುವ ಮಾತು ಎಷ್ಟು ಸಲ ಬರುತ್ತದೆಂದು.

ಹಾಗೆಂದು ಮದ್ದಿನಿಂದ ಏನೂ ತೊಂದರೆ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ಅಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ. ನಮಗೆ ಗೊತ್ತಿರುವ ಒಬ್ಬ ಮಾಮಿ ಆರು ತಿಂಗಳು ಕೆಮ್ಮಿನ ಸಿರಪ್ ಕುಡಿದರು, ಕೆಮ್ಮು ಬಿಪಿ ಮಾತ್ರೆಯದ್ದೆಂದು ಆಮೇಲೆ ತಿಳಿಯಿತು. ಮಾತ್ರೆ ಬದಲಿಸಿದರು, ಕೆಮ್ಮು ಹೋಯಿತು. ತೊಂದರೆ ಕಂಡರೆ ಡಾಕ್ಟರಲ್ಲಿ ಹೇಳಿ ಬದಲಿಸಿಕೊಳ್ಳಬಹುದು. ನಾವು ಮಾಡುವುದು ಹೇಳದೆ ನಿಲ್ಲಿಸುವುದು.

ಅದರ ತದ್ವಿರುದ್ಧದ ತಪ್ಪೂ ಉಂಟು. ಮನೆಯ ಮಿಶನಿನಲ್ಲಿ ಒಮ್ಮೆಲೇ 180 ಕಂಡಿತೆಂದು ಹೆದರಿ ಎರಡು ಮೂರು ಮಾತ್ರೆ ಒಟ್ಟಿಗೆ ನುಂಗುವುದು, ನಾಲಗೆಯಡಿ ಮದ್ದು ಇಡುವುದು. ಬಿಪಿ ಧಡಕ್ಕನೆ ಕುಸಿದರೆ ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ. ಎದೆನೋವು, ಉಸಿರುಗಟ್ಟುವುದು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಅಂಥದ್ದೇನೂ ಇಲ್ಲದಿದ್ದರೆ ಕೂತು ವಿಶ್ರಾಂತಿ ಪಡೆದು ಮತ್ತೆ ನೋಡಿ, ಆ ದಿನವೇ ಡಾಕ್ಟರನ್ನು ಕಾಣಿ.

ಬೀಡಿಯ ಸೂಪು ಮಡಿಲಲ್ಲಿಟ್ಟು ದಿನವಿಡೀ ಕೂರುವ ನಮ್ಮ ತಾಯಂದಿರ ಬಗ್ಗೆ ಒಂದು ಮಾತು ಬೇರೆಯೇ ಹೇಳಬೇಕು. ಬೆನ್ನು, ಮೊಣಕಾಲು, ಭುಜ ನೋಯದ ಬೀಡಿ ಕಟ್ಟುವವರು ಇಲ್ಲ. ಮೆಡಿಕಲ್ಲಿನಿಂದ ಚೀಟಿ ಇಲ್ಲದೆ ನೋವಿನ ಮಾತ್ರೆ ತರಿಸಿ ದಿನಾ ಒಂದು ನುಂಗುತ್ತಾರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಈ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಮದ್ದಿನ ಕೆಲಸಕ್ಕೆ ಅಡ್ಡ ಬರುತ್ತವೆ, ಕಿಡ್ನಿಗೂ ಪೆಟ್ಟು. ‘ಮದ್ದು ತಿಂದರೂ ಇಳಿಯುವುದಿಲ್ಲ’ ಎಂದು ಬಂದವರ ಚೀಲ ಬಿಚ್ಚಿಸಿದರೆ ಇವೇ ಸಿಗುತ್ತವೆ ಎಂದರು ಕ್ಯಾಂಪಿನ ಡಾಕ್ಟರು. ಗ್ಯಾಸಿಗೆಂದು ನೀರಿಗೆ ಹಾಕಿ ನೊರೆ ಬರಿಸಿ ಕುಡಿಯುವ ಪುಡಿಯಲ್ಲೂ ಸೋಡಿಯಂ ತುಂಬಾ ಇರುತ್ತದೆ. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧು ಕೂಡ ದಿನಾ ತಿಂದರೆ ಬಿಪಿ ಏರಿಸುತ್ತದೆ.

ಒಣಮೀನಿನ ತಿಂಗಳು

ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಣ್ಣ ಚಾ ಚಮಚದಲ್ಲಿ ಒಂದು. ಅದರಲ್ಲಿ ಗಂಜಿಗೆ, ಸಾರಿಗೆ, ಉಪ್ಪಿನಕಾಯಿಗೆ, ಬೇಕರಿಯ ಖಾರಕ್ಕೆ ಎಲ್ಲ ಸೇರಿತು.

ಕರಾವಳಿಯ ಮಳೆಗಾಲವನ್ನು ಈ ಚಮಚದಲ್ಲಿ ಅಳೆಯಲು ಹೊರಟರೆ ನಗು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹಸಿಮೀನಿಗೆ ಬೆಲೆ ಏರುತ್ತದೆ, ಅಟ್ಟದಿಂದ ಒಣಮೀನಿನ ಕಟ್ಟು ಇಳಿಯುತ್ತದೆ. ಬಿಸಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ, ಭರಣಿಯಿಂದ ತೆಗೆದ ಉಪ್ಪುಮಾವು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಉಪ್ಪು ಹಾಕಿ ಕಾಪಿಟ್ಟದ್ದರಿಂದಲೇ ನಮ್ಮ ಅಜ್ಜಿಯರು ಮಳೆಗಾಲ ದಾಟಿಸಿದರು ಎನ್ನುವುದೂ ನಿಜವೇ. ಆಗ ಗಂಡಸರು ಮರ ಹೊತ್ತರು, ದೋಣಿ ಎಳೆದರು, ಬೆವರಿನಲ್ಲಿ ಉಪ್ಪು ಹರಿದು ಹೋಯಿತು. ಈಗ ಅಂಗಡಿ ಕ್ಯಾಶಿನಲ್ಲಿ ಫ್ಯಾನಿನಡಿ ಕೂರುವವನೂ ಅದೇ ತಟ್ಟೆ ಉಣ್ಣುತ್ತಿದ್ದಾನೆ.

ಒಣಮೀನು ಬಿಡಿ ಎಂದು ಬರೆದರೆ ಈ ಪುಟವನ್ನೇ ಬಿಡುತ್ತೀರಿ, ನಮಗೆ ಗೊತ್ತು. ನಾವೂ ಬಿಟ್ಟಿಲ್ಲ. ನೀರಿನಲ್ಲಿ ನೆನೆಸಿ, ಎರಡು ಸಲ ಆ ನೀರು ಚೆಲ್ಲಿ, ಆಮೇಲೆ ಒಲೆಗಿಡುತ್ತೇವೆ. ವಾರಕ್ಕೊಮ್ಮೆಗೆ ಇಳಿಸಿದ್ದೇವೆ. ಆ ದಿನದ ಗಂಜಿಗೆ ಉಪ್ಪು ಹಾಕುವುದಿಲ್ಲ, ಉಪ್ಪಿನಕಾಯಿ ಭರಣಿ ಮೇಜಿಗೆ ಬರುವುದಿಲ್ಲ. ಮೊದಲ ಎರಡು ವಾರ ನಾಲಗೆಗೆ ಏನೂ ರುಚಿಸಲಿಲ್ಲ, ಆಮೇಲೆ ಅಭ್ಯಾಸವಾಯಿತು. ಈಗ ಮದುವೆ ಬಿರಿಯಾನಿ ಉಂಡರೆ ‘ಇದೆಂತ ಇಷ್ಟು ಉಪ್ಪು’ ಎಂದು ನಾವೇ ಹೇಳುತ್ತೇವೆ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಮೂಲಿ ಉಪ್ಪಿನ ಬದಲು ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇರುವ ಉಪ್ಪು ಬಳಸಿದವರಲ್ಲಿ ಸ್ಟ್ರೋಕ್ ಶೇ. 14ರಷ್ಟು ಕಡಿಮೆಯಾಯಿತು. ಅಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜಾತಿಯ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ಮನೆಗೆ ತರಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ತೂಕ ಇಳಿಸುವುದು, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವುದು, ಬೀಡಿ ಸಿಗರೇಟು ಬಿಡುವುದು ಎಲ್ಲರಿಗೂ ಗೊತ್ತಿರುವ ವಿಷಯ, ಉದ್ದ ಎಳೆಯುವುದಿಲ್ಲ. ಪಳ್ಳಿಗೆ ಸ್ಕೂಟರ್ ಬಿಟ್ಟು ನಡೆದು ಹೋದರೆ ಐದು ಹೊತ್ತಿನಲ್ಲಿ ಅರ್ಧ ಗಂಟೆ ತಾನಾಗಿಯೇ ಆಗುತ್ತದೆ.

ರಮಝಾನಿನಲ್ಲಿ ಮಾತ್ರೆ ಯಾವಾಗ?

ಉಪವಾಸ ತಿಂಗಳಲ್ಲಿ ಬಿಪಿ ಮದ್ದು ತಪ್ಪುವುದು, ತಪ್ಪಿದ್ದು ಪೆರ್ನಾಲ್ ಕಳೆದ ಮೇಲೂ ಮತ್ತೆ ಶುರುವಾಗದಿರುವುದು ನಮ್ಮಲ್ಲಿ ಪ್ರತಿವರ್ಷದ ಕತೆ. ಇದಕ್ಕೆ ದೊಡ್ಡ ಕಷ್ಟವೇನೂ ಇಲ್ಲ. ದಿನಕ್ಕೆ ಒಮ್ಮೆಯ ಮಾತ್ರೆಯನ್ನು ಇಫ್ತಾರಿಗೋ ಸಹರಿಗೋ ಸರಿಸಬಹುದು. ದಿನಕ್ಕೆ ಎರಡು ಮೂರು ಸಲ ನುಂಗುವುದಿದ್ದರೆ ರಮಝಾನಿಗೆ ಒಂದು ತಿಂಗಳು ಮೊದಲೇ ಹೋಗಿ ಒಂದು ಹೊತ್ತಿನದ್ದಕ್ಕೆ ಬದಲಿಸಬಹುದಾ ಎಂದು ಕೇಳಬೇಕು. ಮೂತ್ರ ಹೋಗಿಸುವ ಮಾತ್ರೆ ಇದ್ದವರಿಗೆ ಇದು ಇನ್ನೂ ಮುಖ್ಯ. ಅದನ್ನು ಸಹರಿಯಲ್ಲಿ ನುಂಗಿ ಹಗಲೆಲ್ಲ ಸೆಕೆಯಲ್ಲಿ ನೀರಿಲ್ಲದೆ ಇದ್ದರೆ ತಲೆ ತಿರುಗಿ ಬೀಳುವ ಸಂಭವ ಉಂಟು, ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರೇ ಹೇಳಬೇಕು. ಬಿಪಿ ನೋಡಿಸಿದರೆ ಉಪವಾಸಕ್ಕೆ ಏನೂ ಆಗುವುದಿಲ್ಲ, ಹೊಟ್ಟೆಗೆ ಏನೂ ಹೋಗುವುದಿಲ್ಲವಲ್ಲ. ಸಮೋಸ, ಕಟ್ಲೆಟ್, ನೈಪತ್ತಿರ್ ಒಟ್ಟಿಗೆ ತಟ್ಟೆಗೆ ಬರುವ ಹೊತ್ತಿನಲ್ಲಿ ಉಪ್ಪಿನ ಲೆಕ್ಕ ಯಾರಿಗೂ ನೆನಪಿರುವುದಿಲ್ಲ ಎನ್ನುವುದು ಬೇರೆ ವಿಷಯ.

ಬಿಪಿ ಹಿಡಿತಕ್ಕೆ ಬಾರದವರು, ಈಚೆಗೆ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಆದವರು ಹಠ ಹಿಡಿದು ಉಪವಾಸ ಕೂರುವುದನ್ನು ನೋಡಿದ್ದೇವೆ. ರೋಗಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿ ಮಾಡುವ ಅವಕಾಶ, ಅದೂ ಆಗದ ಅಶಕ್ತರಿಗೆ ಬಡವರಿಗೆ ಉಣಿಸುವ ಪರಿಹಾರ ಅಲ್-ಬಖರಾ ಸೂರಾದಲ್ಲೇ ಉಂಟು, 184, 185ನೇ ಆಯತುಗಳು. ಉಸ್ತಾದರನ್ನು ಕೇಳಿ, ಆದರೆ ಕೇಳುವಾಗ ಡಾಕ್ಟರ ಚೀಟಿ ಕೈಯಲ್ಲಿರಲಿ. ಚೀಟಿ ತೋರಿಸದೆ ‘ಸ್ವಲ್ಪ ಬಿಪಿ ಉಂಟು’ ಎಂದರೆ ಅವರಾದರೂ ಏನು ಹೇಳಿಯಾರು?

ಹಿಜಾಮ ಮಾಡಿಸಿದರೆ ಬಿಪಿ ಪೂರ್ತಿ ಹೋಗುತ್ತದಂತೆ ಎಂದು ಕೇಳಿಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ. ಸುನ್ನತ್ ಎಂದು ಮಾಡಿಸುವವರ ಬಗ್ಗೆ ನಮಗೆ ಗೌರವವೇ ಇದೆ. ಆದರೆ ಅದು ವರ್ಷಗಟ್ಟಲೆ ಬಿಪಿಯನ್ನು ಹಿಡಿತದಲ್ಲಿಡುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಬೆಳ್ಳುಳ್ಳಿ, ನುಗ್ಗೆಸೊಪ್ಪು, ಓದಿಸಿದ ನೀರು ಎಲ್ಲಕ್ಕೂ ಇದೇ ಮಾತು. ಮಾತ್ರೆಯ ಜೊತೆಗೆ ಇರಲಿ, ಮಾತ್ರೆಯ ಬದಲಿಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಹಿಜಾಮಕ್ಕೆ ಕೂರುವ ಮೊದಲು ಅದನ್ನು ಹೇಳಲೇಬೇಕು.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ಅಜ್ಜಿಯರ ಸಮಾಧಾನ ಕೇಳುತ್ತಾ ಕೂರಬೇಡಿ. ಐದು ತಿಂಗಳು ಕಳೆದ ಮೇಲೆ ಬಿಪಿ ಏರಿ, ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈ ಊದುವುದು ಕಂಡರೆ ತಾಯಿ ಮಗು ಇಬ್ಬರ ಜೀವವೂ ಅಪಾಯದಲ್ಲಿ ಇರಬಹುದು, ಅದೇ ದಿನ ಆಸ್ಪತ್ರೆಗೆ. ಮೊದಲಿನಿಂದಲೇ ಬಿಪಿ ಇದ್ದು ಟೆಲ್ಮಿಸಾರ್ಟಾನ್, ಎನಾಲಪ್ರಿಲ್ ಜಾತಿಯ ಮಾತ್ರೆ ತಿನ್ನುವ ಹೆಣ್ಣುಮಕ್ಕಳು ಮಗು ಬಯಸುವ ಮೊದಲೇ ಡಾಕ್ಟರಲ್ಲಿ ಹೇಳಿ ಬೇರೆಗೆ ಬದಲಿಸಿಕೊಳ್ಳಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ಅವು ಕೆಡುಕು.

ಗಲ್ಫಿನಲ್ಲಿರುವ ನಮ್ಮವರದ್ದು ಬೇರೆಯೇ ಸಂಕಟ. ಮೆಡಿಕಲ್‌ನಲ್ಲಿ ಬಿಪಿ ಕಂಡರೆ ವೀಸಾ ಹೋದೀತೆಂಬ ಹೆದರಿಕೆಯಲ್ಲಿ ಟೆಸ್ಟಿನ ಮೊದಲ ಮೂರು ದಿನ ಮಾತ್ರ ಮಾತ್ರೆ ನುಂಗಿ ಪಾಸಾಗುತ್ತಾರೆ, ಆಮೇಲೆ ಮರೆಯುತ್ತಾರೆ. ರೂಮಿನಲ್ಲಿ ಹೋಟೆಲ್ ಊಟ, ನಿದ್ದೆ ಅರ್ಧ, ತಲೆಯಲ್ಲಿ ಊರಿನ ಸಾಲ. ರಜೆಯಲ್ಲಿ ಬಂದಾಗ ಒಮ್ಮೆ ಸರಿಯಾಗಿ ನೋಡಿಸಿ, ಚೀಟಿಯ ಸಮೇತ ಮದ್ದು ಕಟ್ಟಿಕೊಂಡು ಹೋಗಿ. ಹೋಗಿ ಬರುವವರ ಕೈಯಲ್ಲಿ ಹೆಸರಿಲ್ಲದ ಕವರಿನಲ್ಲಿ ಮಾತ್ರೆ ಕಳಿಸುವ ಅಭ್ಯಾಸ ಬಿಡಬೇಕು, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಹೊತ್ತವನು.

ಊರಲ್ಲಿ ಇರುವವರಿಗೆ ದುಡ್ಡಿನ ನೆಪವೂ ಉಳಿದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ನೋಡಿ ಮದ್ದು ಕೊಡುತ್ತಾರೆ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ನೋಡಲು ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆ ಬಂದಾಗ ‘ಗಂಡಸರು ಇಲ್ಲ, ಆಮೇಲೆ ಬನ್ನಿ’ ಎಂದು ಗೇಟಿನಿಂದಲೇ ಕಳಿಸಬೇಡಿ, ಕೈ ಕೊಡಿ. ಜನೌಷಧಿ ಅಂಗಡಿಯಲ್ಲಿ ಇದೇ ಮದ್ದು ಬಹಳ ಕಡಿಮೆಗೆ ಸಿಗುತ್ತದೆ. ಸರ್ಕಾರಿ ಕೇಂದ್ರದಲ್ಲಿ ಒಮ್ಮೊಮ್ಮೆ ಸ್ಟಾಕ್ ಮುಗಿದಿರುತ್ತದೆ, ಇದು ನಿಜವಾದ ದೂರು. ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ ಎನ್ನುವುದನ್ನು ಇಲಾಖೆಯವರು ತಿಳಿಯಬೇಕು. ಆದರೆ ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಮೂರು ಉಳಿದಿರುವಾಗಲೇ ಹೊರಡುವ ಅಭ್ಯಾಸ ನಮ್ಮದೂ ಆಗಬೇಕು.

ಆ ಇಚ್ಚ ಕ್ಯಾಂಪಿನ ದಿನ ಚೀಟಿ ಜೇಬಿಗಿಟ್ಟುಕೊಂಡು ಹೋದರು, ಮದ್ದು ತಂದರೋ ಇಲ್ಲವೋ ತಿಳಿದಿರಲಿಲ್ಲ. ಎರಡು ದಿನ ಬಿಟ್ಟು ನಾವು ಅವರ ಮನೆಗೆ ಹೋಗಿ ಕೂತೆವು. ಬಿಪಿಯ ಮಾತು ಎತ್ತಲಿಲ್ಲ. ಉಪ್ಪ ಬಾಯಿಗೆ ಅನ್ನ ಇಡಿಸಿಕೊಳ್ಳಲು ಕಾಯುತ್ತಿದ್ದದ್ದನ್ನು ಮಾತ್ರ ಹೇಳಿದೆವು. ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿಯೂ ಕೇಳಿಸಿಕೊಂಡರು.

ಹೋದ ಶುಕ್ರವಾರ ಪಳ್ಳಿಯ ಮೆಟ್ಟಿಲಲ್ಲಿ ಸಿಕ್ಕಿದರು. 148/92ಕ್ಕೆ ಇಳಿದಿದೆಯಂತೆ, ಇನ್ನೂ ಇಳಿಯಬೇಕೆಂದು ಡಾಕ್ಟರು ಎರಡನೇ ಮಾತ್ರೆ ಸೇರಿಸಿದ್ದಾರೆ. "ಮರೆಯುವುದಿಲ್ವಾ ಈಗ?" ಎಂದು ಕೇಳಿದೆವು. ಸ್ಟ್ರಿಪ್ಪನ್ನು ಹೆಂಡತಿ ಚಾ ಪುಡಿಯ ಡಬ್ಬದೊಳಗೆ ಇಟ್ಟಿದ್ದಾರಂತೆ. "ಮಾತ್ರೆ ತಿನ್ನದೆ ಚಾ ಸಿಗುವುದಿಲ್ಲ ಮಾರಾಯ್ರೆ, ಎಂತ ಮಾಡುವುದು" ಎಂದು ನಕ್ಕರು. ಮುಂದಿನ ತಿಂಗಳು ಉಮ್ರಾಕ್ಕೆ ಹೊರಟಿದ್ದಾರೆ, ಎಷ್ಟು ದಿನದ್ದು ಕಟ್ಟಿಕೊಳ್ಳಬೇಕೆಂದು ಕೇಳಿದರು. ಹೋಗಿ ಬರುವ ದಿನಕ್ಕೆ ಇನ್ನೊಂದು ವಾರದ್ದು ಸೇರಿಸಿ, ಅರ್ಧ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ ಎಂದೆವು.